ಲೊಂಬೋಕ್ ದ್ವೀಪದಲ್ಲಿ ಅತ್ತೆಗಾಗಿ ದೇವರನ್ನು ಹುಡುಕಿದ್ದು

ದೇವಸ್ಥಾನದೊಳಗೆ ದೇವರಿರಲಿಲ್ಲ. ಎತ್ತರದ ಕಲ್ಲಿನ ಪೀಠವೊಂದಿತ್ತು, ಅದಕ್ಕೆ ಕಪ್ಪು-ಬಿಳಿ ಚೌಕಳಿ ಬಟ್ಟೆ ಸುತ್ತಿದ್ದರು, ಮೇಲೆ ಹಳದಿ ಛತ್ರಿ ಕಟ್ಟಿದ್ದರು. ಪೀಠ ಮಾತ್ರ ಖಾಲಿ. ವಿಗ್ರಹವಿಲ್ಲ, ಗಂಟೆಯಿಲ್ಲ, ಮಂಗಳಾರತಿಯಿಲ್ಲ. ಸೊಂಟಕ್ಕೆ ಹಳದಿ ಪಟ್ಟಿ ಕಟ್ಟಿಕೊಳ್ಳದೆ ಒಳಗೆ ಬರುವಂತಿಲ್ಲ ಎಂದು ಬಾಗಿಲಲ್ಲಿ ತಡೆದಿದ್ದರಿಂದ ನನ್ನ ಅತ್ತೆ ಮುನಿಲಕ್ಷ್ಮಮ್ಮ ಸೀರೆಯ ಮೇಲೆ ಆ ಪಟ್ಟಿ ಬಿಗಿದುಕೊಂಡು, ಕೈಯಲ್ಲಿ ದಾಸವಾಳ ಹಿಡಿದು ನಿಂತಿದ್ದರು.

"ಸುಮಾ, ದ್ಯಾವ್ರೆಲ್ಲೇ?"

ಅಂಗಳ ಗುಡಿಸುತ್ತಿದ್ದ ಅರ್ಚಕರನ್ನು ನಾನು ಫೋನಿನಲ್ಲಿ ಕಲಿತ ಅರೆಬರೆ ಭಾಷೆಯಲ್ಲಿ ಕೇಳಿದೆ. ಅವರು ನಕ್ಕು "ಬೆಲುಮ್" ಎಂದರು. ಬೆಲುಮ್ ಅಂದರೆ 'ಇನ್ನೂ ಇಲ್ಲ'. ದೇವರು ಹಬ್ಬದ ದಿನ ಮೇಲಿನಿಂದ ಇಳಿದು ಬಂದು ಈ ಪೀಠದಲ್ಲಿ ಕೂರುತ್ತಾನಂತೆ. ಹಬ್ಬ ಮುಗಿದ ಮೇಲೆ ಹೊರಟುಹೋಗುತ್ತಾನಂತೆ. ಅದನ್ನು ಅತ್ತೆಗೆ ತಿಳಿಸಿ ಹೇಳಿದೆ.

"ಅಂಗಾರೆ ಈಗ ಯಾರಿಗೆ ಕೈ ಮುಗಿಯಾದು? ಕುರ್ಚಿಗಾ?" ಎಂದು ಅತ್ತೆ ದಾಸವಾಳವನ್ನು ಪೀಠದ ಬುಡಕ್ಕೂ ಇಡದೆ ವಾಪಸ್ಸು ತಂದರು. ಮನೆಗೆ ಬಂದು ಮಧ್ಯಾಹ್ನದವರೆಗೂ ಏನೂ ತಿನ್ನಲಿಲ್ಲ.

ಬಾಲಿಯ ಪಕ್ಕದಲ್ಲೇ ಪೂರ್ವಕ್ಕಿರುವ ದ್ವೀಪ ಲೊಂಬೋಕ್. ಇಲ್ಲಿ ಸಾಸಾಕ್ ಜನರೇ ಹೆಚ್ಚು, ಅವರು ಮುಸ್ಲಿಮರು. ಬಾಲಿಯಿಂದ ಹಿಂದೆಂದೋ ಬಂದ ಹಿಂದೂಗಳು ಪಶ್ಚಿಮದ ಕಡೆ ಇದ್ದಾರೆ. ನನ್ನ ಗಂಡ ನಾಗರಾಜ ಯಶವಂತಪುರದ ಹೋಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವರು. ಇಲ್ಲಿನ ಕಡಲತೀರದ ಹೋಟೆಲಿನವರು ಭಾರತದಿಂದ ಬರುವ ಪ್ರವಾಸಿಗರಿಗೆಂದು ಅವರನ್ನು ಕರೆಸಿಕೊಂಡರು. "ಹೋಗೋಣ ಕಣ್ರೀ, ಇಂಥ ಅವಕಾಶ ಮತ್ತೆ ಸಿಗಲ್ಲ" ಎಂದು ಹಟ ಹಿಡಿದವಳು ನಾನೇ. ಗಂಗಾನಗರದ ಮೈದಾನದಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುವುದು ನನ್ನ ಕೆಲಸ. ಕಡಲಿನ ಪಕ್ಕದ ರಸ್ತೆಯಲ್ಲಿ ನಾನೊಬ್ಬಳೇ ಗಾಡಿ ಓಡಿಸುವ ಕನಸು ಕಂಡುಕೊಂಡು ವಿಮಾನ ಹತ್ತಿದೆ. ಮೊದಲಿನಿಂದಲೂ ನಮ್ಮ ಜೊತೆಗೇ ಇದ್ದ ಅತ್ತೆ, ಎಲ್ಲಿಗೆ ಹೊರಟಿದ್ದೇವೆಂದು ಹೆಚ್ಚು ವಿಚಾರಿಸದೆ ಬಂದರು.

ರಸ್ತೆಯೇನೋ ಸಿಕ್ಕಿತು. ನಮ್ಮಲ್ಲಿಯ ಹಾಗೇ ಎಡಕ್ಕೇ ಹೋಗಬೇಕು, ಹೆಬ್ಬಾಳದ ಮೇಲ್ಸೇತುವೆ ದಾಟಿ ಬದುಕಿದವಳಿಗೆ ಇದೊಂದು ರಸ್ತೆಯೇ ಅಲ್ಲ. ಆದರೆ ನನ್ನ ವೀಸಾದಲ್ಲಿ ದುಡಿಯುವ ಹಾಗಿರಲಿಲ್ಲ. ಹಾಗಾಗಿ ನನ್ನ ಸ್ಕೂಟರಿಗೆ ಉಳಿದ ಕೆಲಸ ಒಂದೇ, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ದೇವರನ್ನು ಹುಡುಕುವುದು.

ಅತ್ತೆಯ ನೇಮ ಹೀಗಿತ್ತು: ಬೆಳಿಗ್ಗೆ ಗುಡಿಗೆ ಹೋಗಿ ದೇವರ ಮುಖ ನೋಡಿದ ಮೇಲೇ ತಿಂಡಿ. ಬೆಂಗಳೂರಿನಲ್ಲಿ ನಮ್ಮ ಮನೆಯಿದ್ದ ಪುಟ್ಟೇನಹಳ್ಳಿಯಲ್ಲಿ ಅದೊಂದು ಕಷ್ಟವೇ ಅಲ್ಲ. ಕೆರೆ ಕಡೆ ಹೋದರೆ ಒಂದು ಗುಡಿ, ಬಸ್ ಸ್ಟಾಪಿನ ಕಡೆ ಹೋದರೆ ಇನ್ನೊಂದು. ಹೂವಿನವಳ ಹತ್ತಿರ ಜಗಳ ಆಡಿಕೊಂಡು ಹೋಗಿ ಬರುವಷ್ಟರಲ್ಲಿ ನನ್ನ ಉಪ್ಪಿಟ್ಟು ಇನ್ನೂ ಬಿಸಿ ಇರುತ್ತಿತ್ತು. ಇಲ್ಲಿ ಮನೆಯ ಮೂಲೆಯಲ್ಲಿ ಫೋಟೋ ಇಟ್ಟು ದೀಪ ಹಚ್ಚಿಕೊಟ್ಟೆ. "ಫೋಟೋ ನಮ್ಮನೆಗೆ ಬಂದಿರಾದು. ನಾವು ಅವನ ಮನೆಗೆ ಓಗಬ್ಯಾಡವಾ?" ಎಂದರು.

ಮನೆ ಇದ್ದದ್ದು ಆಂಪೆನಾನ್ ಎಂಬ ಹಳೆಯ ಬಂದರಿನ ಓಣಿಯಲ್ಲಿ. ಹಿಂದೆಯೇ ಮಸೀದಿ. ಆರ್.ಟಿ. ನಗರದ ಕಡೆ ಬೆಳೆದವಳಿಗೆ ಆಜಾನಿನ ದನಿ ಹೊಸದಲ್ಲ, ನಿಜ ಹೇಳಬೇಕೆಂದರೆ ಆ ಓಣಿಯಲ್ಲಿ ನನಗೆ ಗುರುತು ಹತ್ತಿದ್ದು ಅದೊಂದೇ. ಉಳಿದದ್ದೆಲ್ಲ ಕಿರಿಕಿರಿ. ಕೊತ್ತಂಬರಿ ಸೊಪ್ಪಿಗಾಗಿ ಮೂರು ಸಂತೆ ಸುತ್ತಬೇಕು. ಪಲ್ಯಕ್ಕೆಂದು ತಂದ ಪುಡಿಯಲ್ಲಿ ಸಿಗಡಿ ಇರುತ್ತದೆ. ಅಂಗಡಿಯವನನ್ನು ಬೆಂಗಳೂರಿನ ಅಭ್ಯಾಸದಲ್ಲಿ "ಗುರು, ಸ್ವಲ್ಪ ನೋಡಿ ಕೊಡು" ಎಂದರೆ ಅವನು ಗಾಬರಿಯಿಂದ ತಾನು ಗುರು ಅಲ್ಲ, ಶಾಲೆಯಲ್ಲಿ ಕಲಿಸಿಲ್ಲ ಎನ್ನುತ್ತಾನೆ. ಇಲ್ಲಿ ಗುರು ಅಂದರೆ ಮೇಷ್ಟ್ರು ಮಾತ್ರ. ಭಾಷೆ ಬಹಾಸಾ, ಹೆಸರು ನಾಮಾ, ಹೆಂಡತಿ ಇಸ್ತ್ರಿ. ಎಲ್ಲವೂ ಗೊತ್ತಿರುವ ಹಾಗೆ ಕೇಳಿಸುತ್ತದೆ, ಒಂದು ವಾಕ್ಯವೂ ಅರ್ಥವಾಗುವುದಿಲ್ಲ. ಪೂರ್ತಿ ಗೊತ್ತಿಲ್ಲದ ಭಾಷೆಯಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮನೆಯೊಡತಿಯ ಹೆಸರು ರೋಹಾನಿ. ಓಣಿಯವರು ಇಬು ರೋಹಾನಿ ಎನ್ನುತ್ತಾರೆ. ಇಬು ಅಂದರೆ ಅಮ್ಮ. ಅತ್ತೆಯ ವಯಸ್ಸಿನವರೇ, ಅತ್ತೆಯಷ್ಟೇ ದನಿ. ಬೆಳಿಗ್ಗೆ ಬೇಲಿಯಾಚೆಯಿಂದ "ಸುದಾ ಮಾಕಾನ್?" ಎಂದು ಕೂಗುತ್ತಿದ್ದರು. ನಮ್ಮ 'ತಿಂಡಿ ಆಯ್ತಾ' ಅನ್ನುವುದೇ ಅದು. ಅತ್ತೆ ಬೇಗ ಕಲಿತ ಪರಭಾಷೆಯ ಪದ ಒಂದೇ. "ಬೆಲುಮ್" ಎಂದು ತಿರುಗಿ ಕೂಗುತ್ತಿದ್ದರು. ಇದು ವ್ರತವೆಂದು ತಿಳಿದ ರೋಹಾನಿ "ಪುವಾಸಾ!" ಎಂದು ಮೆಚ್ಚಿ ತಲೆದೂಗುತ್ತಿದ್ದರು. ಉಪವಾಸವೇ ಇಲ್ಲಿ ಪುವಾಸಾ ಆಗಿದೆ.

ನಾವು ತಿರುಗದ ಗುಡಿಯಿಲ್ಲ. ಸಮುದ್ರದೊಳಗೆ ಚಾಚಿದ ಕರಿಬಂಡೆಯ ಮೇಲಿನ ಗುಡಿಗೆ ಹೋದೆವು. ಬಂಡೆಯ ನಡುವೆ ದೊಡ್ಡ ತೂತು, ಅಲೆ ಅದರೊಳಗೆ ನುಗ್ಗಿ ಹೊರಬರುತ್ತಿತ್ತು. ಪ್ರವಾಸಿಗರು ಫೋಟೋ ತೆಗೆಯುತ್ತಿದ್ದರು. ಮೇಲೆ ಮತ್ತೆ ಖಾಲಿ ಪೀಠ. ಒಂದು ಕಡೆ ಮುಟ್ಟಾದವರಿಗೆ ಪ್ರವೇಶವಿಲ್ಲವೆಂದು ಬೋರ್ಡು; ನಾನು ಬಿಸಿಲಲ್ಲಿ ಸ್ಕೂಟರಿನ ಮೇಲೆ ಕೂತೆ, ಅತ್ತೆ ಒಬ್ಬರೇ ಹೋಗಿ "ಅಲ್ಲೂ ಯಾರೂ ಇಲ್ಲ" ಎಂದು ಬಂದರು. ಲಿಂಗ್ಸಾರ್ ಎಂಬಲ್ಲಿ ಹಿಂದೂಗಳೂ ಮುಸ್ಲಿಮರೂ ಒಂದೇ ಆವರಣದಲ್ಲಿ ಪ್ರಾರ್ಥಿಸುತ್ತಾರೆಂದು ಕೇಳಿ ಆಸೆಯಿಂದ ಹೋದೆವು. ಅಲ್ಲಿ ಕೊಳದಲ್ಲಿ ಪವಿತ್ರವಾದ ಹಾವುಮೀನುಗಳಿವೆ. ಬೇಯಿಸಿದ ಮೊಟ್ಟೆ ಒಡ್ಡಿ ಕರೆಯುತ್ತಾರೆ, ಮೀನು ಕಂಡರೆ ಅದೃಷ್ಟ. ಅಲ್ಲಿದ್ದವರು ನೀರನ್ನು ತಟ್ಟಿದರು, ಮೊಟ್ಟೆ ತೇಲಿಸಿದರು. ಮೀನು ಬರಲಿಲ್ಲ.

"ಅದೃಷ್ಟನೂ ಬೆಲುಮ್ಮೇ ಬಿಡು" ಎಂದರು ಅತ್ತೆ. ನಾನು ನಗಲಿಲ್ಲ. ನನ್ನ ಬೆನ್ನು ನೋಯುತ್ತಿತ್ತು.

ರಾತ್ರಿ ಗಂಡನ ಮುಂದೆ ಕೂಗಾಡಿದೆ. "ನಿಮ್ಮಮ್ಮನ್ನ ವಾಪಸ್ ಕರ್ಕೊಂಡ್ ಹೋಗೋಣ. ಅವ್ರಿಗೆ ಇಲ್ಲಿ ಆಗ್ತಿಲ್ಲ."

"ಸ್ವಲ್ಪ ದಿನ ನೋಡೋಣ ಕಣೇ."

"ನೋಡ್ತಿರೋಳು ನಾನು. ನೀವು ಹೋಟೆಲಲ್ಲಿ ಇರ್ತೀರ."

ಅದಾಗಿ ಕೆಲವೇ ದಿನಗಳಲ್ಲಿ ಅತ್ತೆ ಅಂಗಳದಲ್ಲಿ ಬಿದ್ದರು. ಸಕ್ಕರೆ ಕಾಯಿಲೆಯವರು. ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರು, ತಿಂಡಿಯನ್ನು ಮಾತ್ರ ದೇವರಿಗಾಗಿ ಮುಂದಕ್ಕೆ ಹಾಕುತ್ತಿದ್ದರು. ನಾನು ಸ್ಕೂಟರ್ ಹೊರಗೆ ತೆಗೆದು ತಿರುಗಿ ನೋಡುವಷ್ಟರಲ್ಲಿ ಮೈಯೆಲ್ಲ ಬೆವರಿ, ಕಣ್ಣು ಮೇಲಾಗಿ ಕುಸಿದಿದ್ದರು. ನಾನು ರೋಹಾನಿಯನ್ನು ಕೂಗಿದೆ. ಬೇಲಿ ದಾಟಿ ಬಂದ ರೋಹಾನಿ, ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾಳೆಬೆಲ್ಲವನ್ನು ಬೆರಳಿನಿಂದ ಅವರ ಒಸಡಿಗೆ ಒತ್ತಿ ಸವರುತ್ತ ಅವರ ಹೆಸರು ಕೂಗಿದರು. ಅತ್ತೆ ಕಣ್ಣು ಬಿಟ್ಟರು. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚಾಗಿ ರೋಹಾನಿ ಬೈದರು. ಕಾಯಿಲೆಯವರಿಗೆ ಪುವಾಸಾ ಇಲ್ಲ, ದೇವರೇ ವಿನಾಯಿತಿ ಕೊಟ್ಟಿದ್ದಾನೆ, ನಿನಗೇನು ಅವನಿಗಿಂತ ಹೆಚ್ಚು ಗೊತ್ತಾ ಎಂದು. ನಾನು ಅನುವಾದಿಸಿದೆ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನ ಬೆಳಿಗ್ಗೆ ಮತ್ತೆ ತಟ್ಟೆ ತಳ್ಳಿದರು.

ಆಗ ರೋಹಾನಿ ತಮ್ಮ ತವರಿನ ಕಡೆಗೆ ಹೋಗೋಣವೆಂದರು. ಅವರ ತವರು ಉತ್ತರದ ಬಾಯಾನ್, ರಿಂಜಾನಿ ಎಂಬ ಜ್ವಾಲಾಮುಖಿ ಬೆಟ್ಟದ ಬುಡ. ದ್ವೀಪದ ತುಂಬ ಹಳೆಯ ಮಸೀದಿ ಅಲ್ಲಿದೆ, ಹತ್ತಿರದಲ್ಲೇ ಜಲಪಾತವಿದೆ. "ನಿಮ್ಮ ದೇವರು ಅಲ್ಲೂ ಇಲ್ಲದಿದ್ದರೆ ಊರಿಗೆ ಟಿಕೆಟ್ ತೆಗೆಯಿರಿ" ಎಂದರು. ತಮ್ಮ ಹಳೆಯ ವ್ಯಾನನ್ನು ತಾವೇ ಓಡಿಸಿದರು. ಕನ್ನಡಿ ನೋಡುವ ಅಭ್ಯಾಸವೇ ಇಲ್ಲ. ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ತುಳಿದು ತುಳಿದು ನನ್ನ ಕಾಲು ಹಿಡಿದುಕೊಂಡಿತು. ಒಂದು ಕಡೆ ನೀಲಿ ಕಡಲು, ಇನ್ನೊಂದು ಕಡೆ ಮೋಡ ಹೊದ್ದ ಬೆಟ್ಟ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಹೊಗೆ ಕುಡಿಯುವಾಗ ನಾನು ಕನಸು ಕಂಡ ರಸ್ತೆ ಇದೇ. ಅದನ್ನು ಕಣ್ತುಂಬ ನೋಡಲೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಹಸಿದ ಅತ್ತೆ, ನನ್ನ ಕೈಯಲ್ಲಿ ಸಕ್ಕರೆ ಪೊಟ್ಟಣ.

ಆ ಮಸೀದಿ ನಾನು ಕಂಡಿದ್ದ ಯಾವ ಮಸೀದಿಯ ಹಾಗೂ ಇರಲಿಲ್ಲ. ಮಿನಾರಿಲ್ಲ, ಗುಮ್ಮಟವಿಲ್ಲ. ಬಿದಿರಿನ ಗೋಡೆ, ತಗ್ಗಿದ ಮಾಡು, ಸುತ್ತ ಹಿರಿಯರ ಸಮಾಧಿಗಳು. ಬಾಗಿಲಿಗೆ ಬೀಗ. ವರ್ಷದ ಕೆಲವು ಹಬ್ಬಗಳಂದು ಮಾತ್ರ ತೆಗೆಯುತ್ತಾರೆಂದು ಕಾವಲಿನವರು ಹೇಳಿದರು. ಬಿದಿರಿನ ಸಂದಿಯಲ್ಲಿ ಕಣ್ಣಿಟ್ಟರೆ ಮಣ್ಣಿನ ನೆಲ, ತೊಲೆಗೆ ತೂಗುಬಿಟ್ಟ ದೊಡ್ಡ ನಗಾರಿ, ಅಷ್ಟೆ.

ನನಗೆ ತಡೆಯಲಾಗಲಿಲ್ಲ. "ಇಷ್ಟು ದೂರ ಬೀಗ ನೋಡೋಕೆ ಬಂದ್ವಾ? ಈ ಊರಲ್ಲಿ ಒಂದ್ ಬಾಗಿಲೂ ನಮಗೆ ತೆಗೆಯಲ್ವಾ?" ಎಂದು ಕನ್ನಡದಲ್ಲೇ ಕಿರುಚಿದೆ. ಕಾವಲಿನವರು ಎರಡು ಹೆಜ್ಜೆ ಹಿಂದೆ ಸರಿದರು. ಅತ್ತೆ ನನ್ನನ್ನೇ ದಿಟ್ಟಿಸಿದರು.

ಜಲಪಾತಕ್ಕೆ ಕಾಡಿನ ನಡುವೆ ಮೆಟ್ಟಿಲಿಳಿಯಬೇಕು. ಅತ್ತೆಯ ಒಂದು ಕೈಯನ್ನು ನಾನು, ಇನ್ನೊಂದನ್ನು ರೋಹಾನಿ ಹಿಡಿದೆವು. ಹಸಿರು ಗೋಡೆಯ ಮೇಲಿಂದ ನೀರು ಎರಡು ಹಂತವಾಗಿ ಬೀಳುತ್ತಿತ್ತು, ತುಂತುರು ಮುಖಕ್ಕೆ ಹೊಡೆಯುತ್ತಿತ್ತು. ಇಲ್ಲಿ ಅತ್ತೆಗೆ ದೇವರು ಕಂಡನೆಂದು ಬರೆದರೆ ನಿಮಗೂ ಚೆನ್ನ, ನನಗೂ ಚೆನ್ನ. ಅತ್ತೆ ಹೇಳಿದ್ದು ಇಷ್ಟೇ: "ನೀರು ಚೆನ್ನಾಗೈತೆ. ಮಂಡಿ ನೋಯ್ತೈತೆ."

ಬಂಡೆಯ ಮೇಲೆ ಕೂತು ರೋಹಾನಿ ಬುತ್ತಿ ಬಿಚ್ಚಿದರು. ಬಾಳೆಲೆಯಲ್ಲಿ ಅನ್ನ, ಸೊಪ್ಪು, ಖಾರದ ಚಟ್ನಿ. "ಸುದಾ ಮಾಕಾನ್?"

"ಬೆಲುಮ್" ಎಂದರು ಅತ್ತೆ, ಮುಖ ತಿರುಗಿಸಿ.

"ಹಾಗಾದರೆ ನನ್ನದೂ ಬೆಲುಮ್" ಎಂದು ರೋಹಾನಿ ಎಲೆ ಮಡಚಿಟ್ಟು ಸುಮ್ಮನೆ ಕೂತರು. ಅವರು ಬೆಳಗಿನ ನಮಾಜು ಮುಗಿಸಿ ಹೊರಟವರು, ಅಷ್ಟು ದೂರ ಗಾಡಿ ಓಡಿಸಿದವರು, ಬಾಯಿಗೆ ಏನೂ ಹಾಕಿರಲಿಲ್ಲ. ಅತ್ತೆ ನೀರು ನೋಡುತ್ತ ಕೂತರು. ರೋಹಾನಿಯೂ ನೀರು ನೋಡುತ್ತ ಕೂತರು. ನನಗೆ ಹೊಟ್ಟೆಯಲ್ಲಿ ಬೆಂಕಿ, ತಲೆಯಲ್ಲಿ ಅದಕ್ಕಿಂತ ದೊಡ್ಡ ಬೆಂಕಿ.

ಬಹಳ ಹೊತ್ತಾದ ಮೇಲೆ ಅತ್ತೆ ಓರೆಗಣ್ಣಿನಲ್ಲಿ ನೋಡಿದರು. "ಏನೇ ಇವಳು, ನಿಜವಾಗ್ಲೂ ಉಣ್ಣಲ್ವಾ?"

"ಉಣ್ಣಲ್ಲ. ನಿಮ್ಮ ಥರಾನೇ."

"ಅಯ್ಯೋ ನನ್ನಿಂದ ಇನ್ನೊಬ್ಬಳು ಉಪಾಸ ಕೂತ್ರೆ ಆ ಪಾಪ ಯಾರ್ ಒರ್ತಾರೆ? ಏಳು ಅವಳಿಗೆ, ಉಣ್ಣು ಅಂತ. ಇಂಗೆಲ್ಲಾ ಆಟ ಆಡಬಾರ್ದು." ರೋಹಾನಿ ಕದಲಲಿಲ್ಲ. ಅತ್ತೆ ಬೈಯುತ್ತಲೇ ಎಲೆ ಬಿಚ್ಚಿದರು, ಬೈಯುತ್ತಲೇ ಒಂದು ತುತ್ತು ಬಾಯಿಗಿಟ್ಟುಕೊಂಡರು. ರೋಹಾನಿಯೂ ಒಂದು ತುತ್ತು ತೆಗೆದರು. "ಉಪ್ಪು ಕಮ್ಮಿ" ಎಂದರು ಅತ್ತೆ. ನಾನು ಅದನ್ನು ಅನುವಾದಿಸಲಿಲ್ಲ.

ಮರುದಿನದಿಂದ ಬೆಳಿಗ್ಗೆ ರೋಹಾನಿ ತಮ್ಮ ತಟ್ಟೆ ಹಿಡಿದು ನಮ್ಮ ಜಗುಲಿಗೆ ಬಂದು ಕೂರತೊಡಗಿದರು. ಅತ್ತೆ ತಿನ್ನದೆ ಅವರು ತಿನ್ನರು. ಸ್ವಲ್ಪ ದಿನ ಜಗಳ, ಆಮೇಲೆ ಮಾತು, ಆಮೇಲೆ ನಗು. ಕನ್ನಡದವರು ಕನ್ನಡದಲ್ಲಿ, ಸಾಸಾಕಿನವರು ಸಾಸಾಕಿನಲ್ಲಿ. ದೇವರ ವಿಷಯ ಕೇಳಿದರೆ ಅತ್ತೆ, "ಬಂದಾಗ ಬರ್ತಾನೆ" ಎನ್ನುತ್ತಿದ್ದರು.

ನಾಗರಾಜರ ಹೋಟೆಲಿನವರು ಇನ್ನಷ್ಟು ಕಾಲ ಇರಲು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ಇರಣ" ಎಂದರು. ಸಂತೋಷಪಡಬೇಕಿತ್ತು. ಎದ್ದು ಅಂಗಳಕ್ಕೆ ಹೋದೆ. ಅತ್ತೆಗೆ ಆಗುತ್ತಿಲ್ಲ, ಅತ್ತೆಗೆ ಒಗ್ಗುತ್ತಿಲ್ಲ ಎಂದು ಅಷ್ಟು ದಿನ ಹೇಳಿಕೊಂಡು ಬಂದೆನಲ್ಲ, ಅದರ ಮರೆಯಲ್ಲಿ ನನಗೆ ಒಗ್ಗದಿದ್ದುದೂ ನಿಂತಿತ್ತು. ಈಗ ಅತ್ತೆ ಸರಿದುಕೊಂಡಿದ್ದರು.

ಹಿಂದೆ ಬಂದ ಗಂಡನಿಗೆ ಹೇಳಿದೆ: "ನಾನು ಹೋಗ್ಬೇಕು."

"ಅಮ್ಮ ಇರ್ತಾಳಂತಲ್ಲ?"

"ಅಮ್ಮ ಇರ್ಲಿ. ನಾನ್ ನನ್ನ ವಿಷ್ಯ ಹೇಳ್ತಿದೀನಿ."

ಅವರು "ಹೋಗ್ಬಿಟ್ಟು ಬಾ" ಎಂದರು. ಹಾಗೆ ವರ್ಷದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ತೀರ್ಮಾನವಾಯಿತು. ಇದನ್ನು ಬರೆಯುತ್ತಿರುವುದು ಗಂಗಾನಗರದಿಂದ. ಮತ್ತೆ ಮೈದಾನ, ಮತ್ತೆ ಹೆದರಿದ ಹೆಂಗಸರು, ಮತ್ತೆ ನನ್ನ ದುಡಿಮೆ. ಖುಷಿಯಾಗಿದ್ದೇನೆಯೇ? ಧೂಳಿಗೆ ಕೆಮ್ಮು ಬರುತ್ತದೆ. ಗುಡಿಯಲ್ಲಿ ದೇವರ ಮುಖ ನೋಡಲು ನೂಕಾಡುವವರನ್ನು ಕಂಡರೆ ರೇಗುತ್ತದೆ. ಹೊಸದಾಗಿ ಸೇರಿದವಳೊಬ್ಬಳು "ಮೇಡಂ, ನಿಮ್ದು ಯಾವೂರು?" ಎಂದು ಕೇಳಿದಳು. ಇಲ್ಲೇ ಹುಟ್ಟಿದವಳನ್ನು!

ನಿನ್ನೆ ಪಾಠದ ಮಧ್ಯೆ ಅತ್ತೆಯ ಫೋನು ಬಂತು. ಎರಡು ಮಾತಾಡಿ ರೋಹಾನಿಗೆ ಕೊಟ್ಟರು. ಅವರು "ಕಾಪಾನ್ ಪುಲಾಂಗ್?" ಎಂದರು. ಕಾಪಾನ್ ಅಂದರೆ ಯಾವಾಗ. ಪುಲಾಂಗ್ ಅಂದರೆ ಬರುವುದಲ್ಲ, ಹೋಗುವುದೂ ಅಲ್ಲ, ತನ್ನ ಮನೆಗೆ ಮರಳುವುದು. ಬೆಂಗಳೂರಿಗೆ ಹೊರಟ ದಿನ ಓಣಿಯವರಿಗೆಲ್ಲ ನಾನು ಹೇಳಿಕೊಂಡು ತಿರುಗಿದ್ದೂ ಇದೇ ಪದ. ಈಗ ಅವರು ಅದನ್ನೇ ಹಿಡಿದು ಅತ್ತ ಕರೆಯುತ್ತಿದ್ದರು. ಅಷ್ಟರಲ್ಲಿ ನನ್ನ ವಿದ್ಯಾರ್ಥಿನಿ ಸ್ಕೂಟರನ್ನು ನೇರ ಗೋಡೆಯ ಕಡೆ ಬಿಟ್ಟಳು. "ಬ್ರೇಕ್ ಹಿಡೀರಿ! ಬ್ರೇಕ್!" ಎಂದು ಕಿರುಚಿದೆ.

"ಯಾರ ಮೇಲೆ ಇಷ್ಟು ಸಿಟ್ಟು?" ಎಂದರು ರೋಹಾನಿ ಆ ಕಡೆಯಿಂದ.

'ಎರಡೂ ಊರಿನ ಮೇಲೆ' ಎನ್ನುವಷ್ಟು ಅವರ ಭಾಷೆ ನನಗೀಗ ಬರುತ್ತದೆ. ಆದರೆ "ಆಮೇಲೆ ಮಾಡ್ತೀನಿ" ಎಂದು ಗೋಡೆಯ ಕಡೆ ಓಡಿದೆ. ಅರ್ಧ ಮೈದಾನ ದಾಟಿದ ಮೇಲೆ ಗೊತ್ತಾಯಿತು, ಅದನ್ನು ಕನ್ನಡದಲ್ಲಿ ಹೇಳಿದ್ದೆ, ಅವರು ಅವರ ಭಾಷೆಯಲ್ಲಿ "ಸರಿ" ಎಂದಿದ್ದರು.