ಹನ್ನೊಂದು ಅಂಗಿಗೆ ಬಿದರಿ ಕಪ್ಪು

ಬೀದರಿನಲ್ಲಿ ಫುಟ್ಬಾಲ್ ಆಡುವವರು ಹನ್ನೊಂದು ಜನ, ಅದರ ಬಗ್ಗೆ ಮಾತಾಡುವವರು ಊರಿಗೆ ಊರೇ. ಆಡಲು ಕಾಲು ಬೇಕು, ಉಸಿರು ಬೇಕು. ಆಟಗಾರರ ಅಂಗಿ ಯಾವ ಬಣ್ಣದ್ದಿರಬೇಕು ಎಂದು ಹೇಳಲು ಇವೇನೂ ಬೇಡ, ಬಾಯಿ ಇದ್ದರೆ ಸಾಕು. ಬಾಯಿಗೆ ನಮ್ಮೂರಲ್ಲಿ ಯಾವ ಕಾಲಕ್ಕೂ ಬರ ಬಂದಿಲ್ಲ. ಆದರೆ ಈ ಕಥೆ ಆ ಬಾಯಿಗಳದ್ದಲ್ಲ. ಎಂಟು ವರ್ಷ ಸುಮ್ಮನಿದ್ದು, ಒಂದೇ ಸಲ ಬಾಯಿ ಬಿಟ್ಟು ಸಿಕ್ಕಿಬಿದ್ದ ಬಿದರಿ ಕೆಲಸದ ಉಸ್ತಾದ ರಶೀದ ಅಹ್ಮದರದ್ದು.

ಉಸ್ತಾದರಿಗೆ ಆಗ ಐವತ್ತೆಂಟು. ಮೂವತ್ತೈದು ವರ್ಷದಿಂದ ಹೂಜಿ, ಹುಕ್ಕಾ, ಪಾನ್‌ದಾನಗಳ ಮೈಮೇಲೆ ಬೆಳ್ಳಿ ತಂತಿ ಕೂರಿಸಿದ ಕೈ ಅವರದು. ಬಿದರಿ ಪಾತ್ರೆಯ ಕೊನೆಯ ಕೆಲಸವೆಂದರೆ ಕಪ್ಪು ಹತ್ತಿಸುವುದು. ಕೋಟೆಯೊಳಗೆ ಬಿಸಿಲು ಮಳೆ ಕಾಣದ ಮೂಲೆಯ ಹಳೆ ಮಣ್ಣು ತಂದು, ನವಸಾಗರವೆಂಬ ಘಾಟು ಉಪ್ಪಿನ ಜೊತೆ ನೀರಲ್ಲಿ ಕಲಸಿ, ಕಾಯಿಸಿದ ಪಾತ್ರೆಗೆ ಹಚ್ಚಿ ತಿಕ್ಕಬೇಕು. ಪಾತ್ರೆಯ ಸತು ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣಿಗೆ ಆ ಗುಣ ಇದೆ ಎಂದು ಉಸ್ತಾದರು ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟು ಹೇಳುತ್ತಿದ್ದರು. ಜಹಗೀರದಾರರು ಹೋದರು, ಅವರ ಹುಕ್ಕಾ ಹೋದವು, ಹುಕ್ಕಾದ ಜೊತೆಗೆ ಗಿರಾಕಿಗಳೂ ಹೋದರು. ಉಸ್ತಾದರಿಗೆ ಉಳಿದದ್ದು ಒಂದೇ: ಅವರು ಕಪ್ಪು ಎಂದರೆ ಅದು ಕಪ್ಪು. ಬೇರೆ ಕಾರಖಾನೆಯವರು ಸಹ ಪಾತ್ರೆ ತಂದು ಅವರ ಮುಂದಿಟ್ಟು, ಅವರು ತಲೆ ಆಡಿಸುವವರೆಗೆ ನಿಂತುಕೊಂಡಿರುತ್ತಿದ್ದರು. ಆ ಮಾತೊಂದು ಹೋದರೆ ತಾನು ಬರೀ ಕೆಮ್ಮುವ ಮುದುಕ ಎನ್ನುವುದು ಉಸ್ತಾದರಿಗೆ ಚೆನ್ನಾಗಿ ಗೊತ್ತಿತ್ತು.

ಕಪ್ಪು ಬಿಟ್ಟರೆ ಅವರಿಗಿದ್ದ ಇನ್ನೊಂದು ಹುಚ್ಚು ಫುಟ್ಬಾಲು. ಊರಿನ ದರವಾಜಾ ಕ್ಲಬ್ಬಿನ ಆಟಗಾರರಿಗೆ ಮಲ್ಲಿಕಾರ್ಜುನಪ್ಪನವರ ದಾಲ್ ಮಿಲ್ಲಿನಲ್ಲಿ ಹೆಸರಿಗೆ ಕೆಲಸ. ಸಂಬಳ ಮಾತ್ರ ಚೆಂಡು ಒದೆಯುವುದಕ್ಕೆ. ನಿಜಾಮರ ಕಾಲದಲ್ಲಿ ಕ್ಲಬ್ಬಿನ ಅಂಗಿ ಅವರ ಬಾವುಟದ ಹಳದಿ ಇತ್ತು. ನಲವತ್ತೆಂಟರಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಆ ಬಣ್ಣವನ್ನು ಮೈಮೇಲೆ ಹಾಕಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ಅಂಗಿಗಳನ್ನು ಪೆಟ್ಟಿಗೆಯಲ್ಲೇ ಹುಳ ತಿಂದವು. ಅಲ್ಲಿಂದ ಎಂಟು ವರ್ಷ ಬಿಳಿ ಬನಿಯನ್ನಿನಲ್ಲಿ ಆಡಿದರು. ಭಾಲ್ಕಿಯವರೂ ಬಿಳಿ ಬನಿಯನ್, ಉಳಿದ ಊರಿನವರೂ ಬಿಳಿ ಬನಿಯನ್. ನಮ್ಮವರು ಎದುರಾಳಿಗೇ ಚೆಂಡು ಕೊಟ್ಟು ಬೆನ್ನು ತಟ್ಟಿದ ಪ್ರಸಂಗಗಳು ಬೇಕಾದಷ್ಟಿವೆ. ಮೊದಲು ಗೋಲಿನ ಹಿಂದೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ ಉಸ್ತಾದರು ಆ ಎಂಟು ವರ್ಷ ಮೈದಾನಕ್ಕೆ ತಪ್ಪದೆ ಬಂದರು, ಒಂದು ಮಾತೂ ಆಡಲಿಲ್ಲ. ಅವರಂಥವರು ಆಗ ಸುಮ್ಮನೆ ಕೂರುವುದನ್ನು ಕಲಿತಿದ್ದರು. ಯಾಕೆ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಐವತ್ತಾರರ ನವೆಂಬರಿನಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಬೋರ್ಡು ಬದಲಾಯಿತು, ಅರ್ಜಿಯ ಭಾಷೆ ಬದಲಾಯಿತು, ಅರ್ಜಿ ಮಾತ್ರ ಹಿಂದಿನಂತೆಯೇ ಟೇಬಲ್ಲಿನ ಮೇಲೆ ಮಲಗಿತ್ತು. ಕ್ಲಬ್ಬಿನ ಅಧ್ಯಕ್ಷ ಮಲ್ಲಿಕಾರ್ಜುನಪ್ಪನವರು ಮಿಲ್ಲಿನ ಅಂಗಳದಲ್ಲಿ ಸಭೆ ಕರೆದರು.

"ಹೊಸ ರಾಜ್ಯ ಬಂದದ. ಹುಡುಗರಿಗಿ ಹೊಸ ಅಂಗಿ ಬ್ಯಾಡೇನ್ರಿ?" ಎಂದರು.

ಬೇಕು ಎಂದು ಒಪ್ಪಲು ಅರ್ಧ ನಿಮಿಷ, ಯಾವ ಬಣ್ಣ ಎಂದು ಜಗಳಾಡಲು ಮೂರು ವಾರ. ಔರಾದಿನ ಅಭಿಮಾನಿಗಳಿಗೆ ಕೇಸರಿಯೇ ಆಗಬೇಕು. ನೌಬಾದದ ಒಬ್ಬರಿಗೆ ಗಿಳಿಹಸಿರು, ಏಕೆಂದರೆ ಅವರ ಮನೆಯ ಬಾಗಿಲಿಗೆ ಅದೇ ಬಣ್ಣ ಬಳಿದಿದ್ದರು, ಸ್ವಲ್ಪ ಉಳಿದಿತ್ತು. ಎದೆಯ ಮೇಲೆ ವಿಭೂತಿಯಂತೆ ಮೂರು ಬಿಳಿ ಪಟ್ಟಿ ಬರಲಿ ಎಂದವರು ಸ್ವತಃ ಶರಣರ ಹಾಗೆ ಕಣ್ಣು ಮುಚ್ಚಿ ಹೇಳಿದರು. ಬಟ್ಟೆ ಅಂಗಡಿಯವರೊಬ್ಬರು ಚೌಕಳಿ ಈಗ ಬಹಳ ನಡೆಯುತ್ತಿದೆ ಎಂದರು. ಅವರ ಅಂಗಡಿಯಲ್ಲಿ ಅದು ಎರಡು ವರ್ಷದಿಂದ ಒಂದು ಗಜವೂ ನಡೆದಿರಲಿಲ್ಲ. ಬಗದಲಿನಿಂದ ಎತ್ತಿನ ಗಾಡಿಯಲ್ಲಿ ಬಂದವರು ಬಣ್ಣ ಯಾವುದಾದರೂ ಇರಲಿ, ಜೇಬು ಎರಡು ಇರಲಿ ಎಂದು ಹೇಳಿ ಊಟ ಮಾಡಿ ಹೋದರು. ಸಭೆಯ ನಡಾವಳಿ ಬರೆಯುತ್ತಿದ್ದ ಸಾಲಿ ಮಾಸ್ತರ ಕಾಶೀರಾಮರ ವಹಿಯಲ್ಲಿ ಹದಿನಾಲ್ಕು ಬಣ್ಣಗಳಾದವು. ಆಟಗಾರರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮೂರನೆಯ ವಾರ, ಹಿಂದಿನ ಸಾಲಿನಲ್ಲಿ ಕೂತಿದ್ದ ಉಸ್ತಾದರ ಕಡೆ ತಿರುಗಿ ಮಲ್ಲಿಕಾರ್ಜುನಪ್ಪನವರು ಕೇಳಿದರು: "ಉಸ್ತಾದ, ನೀವ್ಯಾಕ ಸುಮ್ಮ ಕೂತೀರಿ? ನಿಮಗೇನ್ ಅನಸ್ತದ?"

ಎಂಟು ವರ್ಷದಲ್ಲಿ ಅವರನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಉಸ್ತಾದರ ಕಣ್ಣು ತುಂಬಿ ಬಂತು. ಅದನ್ನು ಮರೆಸಲು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದರು: "ಕರಿ ಮಾಡ್ರಿ. ನಡುವ ಒಂದು ಬೆಳ್ಳಿ ಪಟ್ಟಿ. ಬೀದರಿಗಿ ಬ್ಯಾರೆ ಬಣ್ಣ ಯಾಕ ಬೇಕು?"

ಇದರಲ್ಲಿ ತಪ್ಪು ಹುಡುಕಲು ಹದಿನಾಲ್ಕು ಬಣ್ಣದವರೂ ಪ್ರಯತ್ನಿಸಿದರು, ಸಿಗಲಿಲ್ಲ. ಕಾಶೀರಾಮ ಮಾಸ್ತರರೊಬ್ಬರು ಮಾತ್ರ, "ಪ್ಯಾಟ್ಯಾಗಿನ ಕರಿ ಬಣ್ಣ ನಾಕು ದಿನದಾಗ ನೇರಳಿ ಆಗ್ತದರಿ, ಬೆವರಿಗಿ ಬಿಡ್ತದ" ಎಂದರು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಉಸ್ತಾದರು ಎದ್ದು ನಿಂತರು. "ನನ್ನ ಕರಿ ನೂರು ವರ್ಷ ಆದ್ರೂ ಬಿಡಂಗಿಲ್ಲ ಮಾಸ್ತರ. ಬಿಳಿ ಅಂಗಿ ಹೊಲಿಸಿ ಕೊಡ್ರಿ. ಪಟ್ಟಿ ರೇಶ್ಮಿದು ಇರ್ಲಿ. ಬಣ್ಣ ನಾ ಕೊಡ್ತೇನಿ."

ಮಲ್ಲಿಕಾರ್ಜುನಪ್ಪನವರು ಆ ಕ್ಷಣವೇ ಕರಪತ್ರಕ್ಕೆ ಆಜ್ಞೆ ಕೊಟ್ಟರು. 'ಬಿದರಿ ಕಪ್ಪಿನ ವೀರರು' ಎಂದು ದಪ್ಪ ಅಕ್ಷರದಲ್ಲಿ ಎರಡು ಸಾವಿರ ಪ್ರತಿ ಅಚ್ಚಾದವು, ಅಂಗಿ ಇನ್ನೂ ದರ್ಜಿಯ ಹತ್ತಿರವೇ ಇದ್ದಾಗ.

ಮನೆಯಲ್ಲಿ ಸುದ್ದಿ ಕೇಳಿದ ಹೆಂಡತಿ ಹಮೀದುನ್ನಿಸಾ ದಖನಿ ಉರ್ದುವಿನಲ್ಲಿ ಅಂದದ್ದನ್ನು ಕನ್ನಡಕ್ಕಿಳಿಸಿದರೆ ಅರ್ಧ ಖಾರ ಹೋಗುತ್ತದೆ. ಸಾರಾಂಶ ಇಷ್ಟು: ಸತುವಿಗೆ ಹತ್ತುವ ಮಣ್ಣು ನೂಲಿಗೆ ಹತ್ತುವುದಿಲ್ಲ. ಆಕೆಯ ತವರಿನವರು ಬಟ್ಟೆಗೆ ಬಣ್ಣ ಹಾಕುವವರು. ಅರಿವೆಗೆ ಕಪ್ಪು ಬೇಕಾದರೆ ಅಳಲೆಕಾಯಿ ಕುದಿಸಿ ತುಕ್ಕು ಕಬ್ಬಿಣದ ನೀರು ಹಾಕಬೇಕು ಎನ್ನುವುದನ್ನು ಆಕೆ ಏಳನೆಯ ವಯಸ್ಸಿಗೇ ಬಲ್ಲಳು. ಮೊದಲು ಒಂದು ಚಿಂದಿ ಅದ್ದಿ ನೋಡಿ ಎಂದಳು. ಮೂವತ್ತೈದು ವರ್ಷ ಕೆಲಸ ಮಾಡಿದವನು ಚಿಂದಿ ಅದ್ದಿ ನೋಡುವುದೇ? ಉಸ್ತಾದರಿಗೆ ಅವಮಾನವಾಯಿತು. ಊರೆಲ್ಲ ಒಪ್ಪಿಕೊಂಡಿದ್ದನ್ನು ಒಬ್ಬ ಹೆಂಗಸು ಪರೀಕ್ಷೆ ಮಾಡಲು ಹೇಳುವುದು ಅವರಿಗೆ ಸರಿಬರಲಿಲ್ಲ. ಸರಿಬರಬೇಕಿತ್ತು.

ಭಾಲ್ಕಿಯಲ್ಲಿ ರವಿವಾರ ಪಂದ್ಯ. ಶುಕ್ರವಾರ ನಮಾಜಿನ ನಂತರ ಉಸ್ತಾದರು ದೊಡ್ಡ ತಾಮ್ರದ ಹಂಡೆಯಲ್ಲಿ ಕೋಟೆಯ ಅತ್ಯುತ್ತಮ ಮಣ್ಣು, ಲೆಕ್ಕಕ್ಕಿಂತ ಮೂರು ಪಟ್ಟು ನವಸಾಗರ ಹಾಕಿ ಹನ್ನೊಂದು ಅಂಗಿ ಕುದಿಸಿದರು. ಕಣ್ಣಲ್ಲಿ ನೀರು ತರಿಸುವ ಘಾಟು ಓಣಿಯ ತುದಿಯವರೆಗೂ ಹೋಯಿತು. ಕೋಲಿನಿಂದ ಮೊದಲ ಅಂಗಿ ಎತ್ತಿದರು. ಕೆರೆಯಲ್ಲಿ ಹೊರಳಿ ಬಂದ ಎಮ್ಮೆ ಬಿಸಿಲಿಗೆ ಒಣಗಿದಾಗ ಯಾವ ಬಣ್ಣವೋ ಆ ಬಣ್ಣ. ಬೆಳ್ಳಿಯಂತೆ ರೇಷ್ಮೆಗೂ ಮಣ್ಣು ಹತ್ತದು ಎಂದು ನಂಬಿ ಬಿಟ್ಟಿದ್ದ ಪಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿ ಹತ್ತಿತ್ತು. ಅವರು ಒಂದೊಂದಾಗಿ ಹನ್ನೊಂದನ್ನೂ ಎತ್ತಿ ನೋಡಿದರು, ಹನ್ನೊಂದನೆಯದಾದರೂ ಕಪ್ಪಿರಬಹುದು ಎಂಬಂತೆ. ಹಮೀದುನ್ನಿಸಾ ಹಗ್ಗ ಕಟ್ಟಿ ಅವನ್ನು ಒಣಹಾಕಿದಳು. ಆಕೆ ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

ಬೇರೆ ಅಂಗಿ ಇರಲಿಲ್ಲ. ರವಿವಾರ ಭಾಲ್ಕಿಗೆ ಹೋಗುವ ರೈಲಿನಲ್ಲಿ ಗೋಲ್‌ಕೀಪರ್ ಗೋರಖನಾಥ ಅಂಗಿ ತೊಟ್ಟು, "ಉಸ್ತಾದ, ಕಣ್ಣಾಗ ನೀರು ಬರ್ಲಿಕತ್ತಾವರಿ" ಎಂದ. ಉಸ್ತಾದರು ಕಿಟಕಿಯಿಂದ ಹೊರಗೆ ನೋಡಿದರು. ಭಾಲ್ಕಿಯ ಜನ ನಮ್ಮವರನ್ನು ಕಂಡು, "ಎಮ್ಮಿ ಹಿಂಡು ಬಂತು, ಹಗ್ಗ ತರ್ರಿ" ಎಂದು ಉರುಳಾಡಿ ನಕ್ಕರು. ಬೀದರಿನ ಅಭಿಮಾನಿಗಳು ಹಿಂದೆ ಬೀಳಲಿಲ್ಲ. ಹದಿನಾಲ್ಕು ಬಣ್ಣದವರೂ ತಮ್ಮ ತಮ್ಮ ಬಣ್ಣವನ್ನು ನೆನಪಿಸಿಕೊಂಡು ಉಸ್ತಾದರನ್ನು ಬೈದರು. ಒಬ್ಬರಂತೂ ಮೊದಲಿನಿಂದಲೂ ತಮಗೆ ಸಂಶಯವಿತ್ತು ಎಂದರು.

ಆಮೇಲೆ ಆಟ ಶುರುವಾಯಿತು. ಬೆವರು ಹತ್ತಿದ ಕೂಡಲೇ ಅಂಗಿಯ ಘಾಟು ಎದ್ದಿತು. ನಮ್ಮವರಿಗೆ ರೈಲಿನಲ್ಲೇ ರೂಢಿಯಾಗಿತ್ತು, ಭಾಲ್ಕಿಯವರಿಗೆ ಹೊಸದು. ಚೆಂಡು ಕಸಿಯಲು ಹತ್ತಿರ ಬಂದವನು ಕಣ್ಣು ಒರೆಸಿಕೊಳ್ಳುತ್ತ ಹಿಂದೆ ಸರಿಯುತ್ತಿದ್ದ. ಅಡ್ಡ ಬರುವವರಿಲ್ಲದ ಮೈದಾನದಲ್ಲಿ ದರವಾಜಾ ಕ್ಲಬ್ ಮೂರು ಗೋಲು ಹೊಡೆಯಿತು. ಭಾಲ್ಕಿಯವರ ಒಂದೇ ಗೋಲು ಗೋರಖನಾಥ ಸೀನುವಾಗ ಹೋದದ್ದು.

ವಾಪಸು ಬರುವ ರೈಲಿನಲ್ಲಿ ಅಭಿಪ್ರಾಯಗಳು ಬೋಗಿ ಬದಲಾಯಿಸಿದವು. ತಾವು ಹೇಳಿದ ಕೇಸರಿಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ, ಸ್ವಲ್ಪ ಧೂಳು ಕೂತಿದೆ ಅಷ್ಟೇ ಎಂದರು ಔರಾದಿನವರು. ಚೌಕಳಿಯವರಿಗೆ ಇದರಲ್ಲಿ ಚೌಕಳಿಯೂ ಕಂಡಿತು. ಮೊದಲಿನಿಂದ ಸಂಶಯವಿದ್ದವರಿಗೆ ಮೊದಲಿನಿಂದಲೂ ಭರವಸೆ ಇತ್ತಂತೆ. ಮೂಲೆಯಲ್ಲಿ ಕೂತ ಉಸ್ತಾದರ ಕೊರಳಿಗೆ ಯಾರೋ ಹಾರ ಹಾಕಿದರು.

ಮುಂದಿನ ವಾರದ ಸಭೆಯಲ್ಲಿ ಕಾಶೀರಾಮ ಮಾಸ್ತರರು ಠರಾವು ಓದಿದರು: ಉಸ್ತಾದ ರಶೀದ ಅಹ್ಮದರು ಸಿದ್ಧಪಡಿಸಿದ ಈ ಬಣ್ಣವೇ ಅಸಲಿ ಬಿದರಿ ಕಪ್ಪು, ಇನ್ನು ಮುಂದೆ ಕ್ಲಬ್ಬಿನ ಬಣ್ಣವೂ ಇದೇ.

ಉಸ್ತಾದರು ಎದ್ದರು. "ಇದು ಕರಿ ಅಲ್ರಿ. ನಂದು ತಪ್ಪಾಗ್ಯದ. ಮಣ್ಣಿನ ಬಣ್ಣ ಅಂತ ಬರೀರಿ."

ಎಂಥ ವಿನಯ ಎಂದು ಜನ ಚಪ್ಪಾಳೆ ತಟ್ಟಿದರು.

"ವಿನಯ ಅಲ್ರಿ" ಎಂದರು ಉಸ್ತಾದರು. "ನನ್ನ ಕಣ್ಣು ಇನ್ನೂ ಹೋಗಿಲ್ಲ. ಮಣ್ಣು ಅಂತ ಬರದ್ರ ನನ್ನ ಹೆಸರು ಇರ್ಲಿ. ಬಿದರಿ ಕಪ್ಪು ಅಂತ ಬರದ್ರ ನನ್ನ ಹೆಸರು ತಗೀರಿ."

ಮಲ್ಲಿಕಾರ್ಜುನಪ್ಪನವರು ಗಲ್ಲ ಕೆರೆದುಕೊಂಡರು. ಎರಡು ಸಾವಿರ ಕರಪತ್ರದಲ್ಲಿ ಹದಿನೇಳು ನೂರು ಇನ್ನೂ ಉಳಿದಿದ್ದವು. "ಗೆದ್ದ ಅಂಗಿರಿ ಉಸ್ತಾದ, ಅದಕ್ಕ ಮಣ್ಣು ಅನ್ಲಿಕ್ಕಿ ಬರ್ತದೇನು?" ಎಂದರು. ಮಾಸ್ತರರು ಒಂದು ಕ್ಷಣ ಉಸ್ತಾದರ ಮುಖ ನೋಡಿದರು, ಇನ್ನೊಂದು ಕ್ಷಣ ಅಧ್ಯಕ್ಷರ ಮುಖ ನೋಡಿದರು, ಆಮೇಲೆ ಹೆಸರಿನ ಮೇಲೆ ಗೀಟು ಎಳೆದರು. ಹೊಸ ಅಂಗಿಗಳಿಗೆ ಪೇಟೆಯ ಬಣ್ಣದವನಿಂದ ಅದೇ ಎಮ್ಮೆಯ ಬಣ್ಣ ಹಾಕಿಸಿದರು. ಮೈದಾನದ ಗೋಡೆಗೆ 'ಅಸಲಿ ಬಿದರಿ ಕಪ್ಪು' ಎಂದು ಬರೆಸಿ, ಕೆಳಗೆ ಅದೇ ಬಣ್ಣ ಬಳಿಸಿದರು. ಉಸ್ತಾದರು ಮೊದಲಿನಂತೆ ಗೋಲಿನ ಹಿಂದೆ ಬಂದು ಕೂರುತ್ತಿದ್ದರು, ಗೋಡೆಗೆ ಬೆನ್ನು ಮಾಡಿ.

ಮರುವರ್ಷ ಮೈಸೂರು ಕಡೆಯ ಅಧಿಕಾರಿಯೊಬ್ಬರು ಬಂದರು. ಬೆಂಗಳೂರಿನ ಪ್ರದರ್ಶನಕ್ಕೆ ಹೊಸ ಜಿಲ್ಲೆಗಳ ಕೈಕೆಲಸ ಆರಿಸುವುದು ಅವರ ಕೆಲಸ. ಆರಿಸಿದವರಿಗೆ ವರ್ಷಪೂರ್ತಿ ಸರ್ಕಾರಿ ಆರ್ಡರು. ಮಲ್ಲಿಕಾರ್ಜುನಪ್ಪನವರೇ ಅವರನ್ನು ಮೊದಲು ಪಂದ್ಯಕ್ಕೆ, ಆಮೇಲೆ ಉಸ್ತಾದರ ಮನೆಗೆ ಕರೆದುಕೊಂಡು ಬಂದರು. ಉಸ್ತಾದರು ನಾಲ್ಕು ತಿಂಗಳು ಕೂತು ಮಾಡಿದ ಹೂದಾನಿ ಮುಂದಿಟ್ಟರು. ಅಂಥ ಕಪ್ಪು ಅವರ ಕೈಯಿಂದಲೂ ಹಿಂದೆಂದೂ ಬಂದಿರಲಿಲ್ಲ. ಹಮೀದುನ್ನಿಸಾ ಪರದೆಯ ಹಿಂದೆ ನಿಂತಿದ್ದಳು.

ಅಧಿಕಾರಿಗಳು ತಿರುಗಿಸಿ ತಿರುಗಿಸಿ ನೋಡಿದರು. "ಬೆಳ್ಳಿ ಕೆಲಸ ಬಹಳ ಚೆನ್ನಾಗಿದೆ ಕಣ್ರಿ" ಎಂದರು. "ಆದರೆ ಇದು ಬಿದರಿ ಕಪ್ಪಲ್ಲವಲ್ಲ. ಈಗ ತಾನೇ ಮೈದಾನದಲ್ಲಿ ನೋಡಿ ಬಂದೆ, ಗೋಡೆ ಮೇಲೇ ಬರೆದಿದೆ. ನಮಗೆ ಅಸಲಿದೇ ಬೇಕು."

ಉಸ್ತಾದರು ಮಲ್ಲಿಕಾರ್ಜುನಪ್ಪನವರ ಕಡೆ ನೋಡಿದರು. ಮಲ್ಲಿಕಾರ್ಜುನಪ್ಪನವರು ಛಾವಣಿಯ ತೊಲೆಗಳನ್ನು ಎಣಿಸುತ್ತಿದ್ದರು.

"ಅಸಲಿದು ನನ್ನ ಹತ್ರ ಇಲ್ರಿ ಸಾಹೇಬ್ರ" ಎಂದರು ಉಸ್ತಾದರು. "ಅದು ಕ್ಲಬ್ಬಿನವರ ಹತ್ರ ಅದ." ಹೂದಾನಿಯನ್ನು ಅವರ ಕೈಯಿಂದ ಇಸಿದುಕೊಂಡು, ಬೆರಳಿನ ಗುರುತು ಒರೆಸಿ, ಒಳಗೆ ಹೋದರು.