ಕಿಟಕಿಯಲ್ಲಿ ಒಣಗಿದ ಸ್ಲೈಡುಗಳು

ಕಳೆದ ವಾರ ಮಳವಳ್ಳಿಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣಾ ಶಿಬಿರದ ಬಗ್ಗೆ ಪತ್ರಿಕೆಗೆ ಬರೆಯಲು ಹೋಗಿದ್ದೆ. ಪರದೆಯ ಹಿಂದಿನಿಂದ ಬಂದ ನರ್ಸ್, ಕೈಯಲ್ಲಿದ್ದ ಪುಟ್ಟ ಬ್ರಷ್ಷನ್ನು ದ್ರವ ತುಂಬಿದ ಡಬ್ಬಿಯಲ್ಲಿ ಕದಡಿ ಮುಚ್ಚಳ ತಿರುಗಿಸಿದರು. ಅಷ್ಟರಲ್ಲೇ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ನಮ್ಮೂರಿನ ನರ್ಸಮ್ಮ ನೆನಪಾದರು…

ಚಿಕ್ಕರಸಿನಕೆರೆ ಬಸ್ಸು ಹಾದುಹೋಗುವ ಊರು ನಮ್ಮದು. ಅವರು ಪಕ್ಕದ ಮನೆಯಲ್ಲಿದ್ದರು. ಜ್ವರ ಬಂದವರ ಬೆರಳು ಚುಚ್ಚಿ, ರಕ್ತವನ್ನು ಸ್ಲೈಡಿಗೆ ಬಳಿದು, ಒಣಗಿಸಿ, ಮಲೇರಿಯಾ ಪರೀಕ್ಷೆಗೆ ಮದ್ದೂರಿಗೆ ಕಳಿಸುವುದು ಅವರ ಎಷ್ಟೋ ವರ್ಷಗಳ ಕೆಲಸ. ನಾನು ಆಗಷ್ಟೇ ಮಂಡ್ಯದ ಪತ್ರಿಕೆಯೊಂದಕ್ಕೆ ಸೇರಿದ್ದೆ.

ಊರಿನ ಶಾಲೆಯಲ್ಲಿ ಹೆಂಗಸರಿಗೆ ಮೊದಲ ಸಲ ಗರ್ಭಕಂಠದ ತಪಾಸಣೆ ನಡೆದಾಗ, ಮನೆಮನೆಗೆ ಹೋಗಿ ಒಪ್ಪಿಸಿ ಕರೆತಂದವರು ಅವರೇ. ನನ್ನ ಚಿಕ್ಕಮ್ಮನೂ ಹೋಗಿದ್ದಳು. ಡಾಕ್ಟರು ಮಾದರಿ ಬಳಿದು ಒಳಗಿನಿಂದ ಕೊಟ್ಟ ಸ್ಲೈಡುಗಳನ್ನು ನರ್ಸಮ್ಮ, ಮಲೇರಿಯಾದ ಸ್ಲೈಡುಗಳಂತೆಯೇ, ಕಿಟಕಿಯಲ್ಲಿ ಸಾಲಾಗಿ ಒಣಗಲು ಇಟ್ಟರು. ನೋಡಿದ ನಾನು, ಅಚ್ಚುಕಟ್ಟು ಕೆಲಸ ಎಂದುಕೊಂಡೆ. ಮರುದಿನ ‘ತಪಾಸಣಾ ಶಿಬಿರ ಯಶಸ್ವಿ’ ಎಂಬ ನನ್ನ ಸುದ್ದಿ ಅಚ್ಚಾಯಿತು.

ಆ ಸ್ಲೈಡುಗಳನ್ನು ಹಸಿ ಇರುವಾಗಲೇ ಸ್ಪಿರಿಟ್ಟಿನಲ್ಲಿ ಅದ್ದಬೇಕಿತ್ತು. ಒಣಗಿದರೆ ಜೀವಕೋಶಗಳ ರೂಪ ಕೆಡುತ್ತದೆ. ತಿಂಗಳ ನಂತರ, ಒಂದನ್ನೂ ಓದಲಾಗದು, ಎಲ್ಲರದನ್ನೂ ಮತ್ತೆ ತೆಗೆಯಬೇಕು ಎಂಬ ವರದಿ ಬಂತು.

ನರ್ಸಮ್ಮ ಮತ್ತೆ ಮನೆಮನೆ ತಿರುಗಿದರು. ನಮ್ಮ ಜಗಲಿಯಲ್ಲಿ ಚಿಕ್ಕಮ್ಮ ಅವರನ್ನು ಕೂರಲೂ ಹೇಳಲಿಲ್ಲ.

“ನಮ್ಮುಡ್ಗನೇ ಪೇಪರ್ನಲ್ಲಿ ಬರ್ದವ್ನೆ, ಎಲ್ಲಾ ಚೆನ್ನಾಗಾಯ್ತು ಅಂತ. ನೀನ್ಯಾಕಮ್ಮ ದಿನಾ ಬಂದು ನಮ್ಮೊಸ್ಲು ಸವಸ್ತೀಯೆ?”

“ಸ್ಲೈಡು ಕೆಟ್ಟೋಗದೆ ಕಣಕ್ಕ. ಬಿಳಿಮುಟ್ಟು ಓಯ್ತದೆ ಅಂತ ನೀನೇ ಅಂದಿದ್ದೆ. ಇನ್ನೊಂದೇ ಒಂದ್ಸಲ ಬಾ.”

“ಒಂದ್ಸಲ ಮಾನ ಬುಟ್ಟು ಮಲಗಿದ್ದೇ ಸಾಕು. ಆ ಟೇಬಲ್ ಮತ್ತೆ ಅತ್ತಕ್ಕಿಲ್ಲ, ಓಗು.”

ಅಂದು ಸಂಜೆ ನರ್ಸಮ್ಮ ನನ್ನನ್ನು ಬಸ್‌ಸ್ಟಾಪಿನಲ್ಲಿ ಹಿಡಿದು ನಿಲ್ಲಿಸಿದರು. “ತಪ್ಪು ನರ್ಸಮ್ಮಂದು ಅಂತ ಬರಿ ಕಣಪ್ಪ. ನನ್ನೆಸ್ರು ಆಕು. ಕೆಲ್ಸ ಓದ್ರೆ ಓಗ್ಲಿ. ಪೇಪರ್ನಲ್ಲಿ ಬಂದ್ರೇನೇ ನಿಮ್ಮ ಚಿಕ್ಕಮ್ಮ ನಂಬೋದು.”

ನೋಡೋಣ ಎಂದೆ. ಕೆಲಸಕ್ಕೆ ಸೇರಿದ ಹೊಸತರಲ್ಲೇ ತಿದ್ದುಪಡಿ ಹಾಕಿಸುವುದು ನನಗೆ ಬೇಡವಾಗಿತ್ತು. ಚಿಕ್ಕಮ್ಮನಿಗೆ ನಾನೇ ಹೇಳಬಹುದಿತ್ತು. ಆ ಮಾತು ಎತ್ತಲು ನಾಚಿಕೆ. ನರ್ಸಮ್ಮ ಮತ್ತೆ ಮೂರು ಸಲ ಕೇಳಿದರು. ಆಮೇಲೆ ಕೇಳಲಿಲ್ಲ, ನನ್ನನ್ನು ಕಂಡರೆ ನಿಂತು ನೋಡುತ್ತಿದ್ದರು, ಅಷ್ಟೇ…

ಎರಡು ವರ್ಷದ ನಂತರ ಚಿಕ್ಕಮ್ಮನಿಗೆ ರಕ್ತಸ್ರಾವ ಶುರುವಾಯಿತು. ಮೈಸೂರಿನ ಡಾಕ್ಟರು ಗರ್ಭಕಂಠದ ಕ್ಯಾನ್ಸರ್, ಆಗಲೇ ಹರಡಿದೆ ಎಂದರು. ಅವಳು ತೀರಿಕೊಂಡ ದಿನ ನರ್ಸಮ್ಮ ಹೆಣದ ಪಕ್ಕದಲ್ಲಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ನಾನೇ ಕಣವ್ವ ಒಣಗಿಸಿದ್ದು.” ಯಾರಿಗೂ ಅರ್ಥವಾಗಲಿಲ್ಲ. ನನಗೆ ಆಯಿತು. ನಾನು ಎದ್ದು ಹೊರಗೆ ಹೋದೆ. ನಿವೃತ್ತಿಯ ನಂತರ ಅವರೂ ಹೆಚ್ಚು ದಿನ ಬದುಕಲಿಲ್ಲ.

ಸ್ಲೈಡಿಗೆ ಬಳಿಯದೆ ಬ್ರಷ್ಷನ್ನು ದ್ರವದಲ್ಲಿ ಕದಡುವ ಈ ಹೊಸ ವಿಧಾನ ರೋಗವನ್ನು ಹೆಚ್ಚು ಹಿಡಿಯುತ್ತದೆಯೇ ಎಂದು ಕಳೆದ ವಾರ ಮಳವಳ್ಳಿಯ ಡಾಕ್ಟರನ್ನು ಕೇಳಿದೆ. “ಅಷ್ಟೇನೂ ವ್ಯತ್ಯಾಸ ಇಲ್ಲ. ಓದಲಾಗದೆ ಹಾಳಾಗುವುದು ಕಡಿಮೆ. ಹೆಂಗಸರನ್ನು ಮತ್ತೆ ಕರೆಸುವುದು ತಪ್ಪುತ್ತೆ,” ಎಂದರು. ಬರೆದುಕೊಂಡೆ.

ಕಚೇರಿಗೆ ಬಂದು ಮೊದಲು ಬರೆದದ್ದು ಆ ವರದಿಯನ್ನಲ್ಲ, ನನ್ನ ಹಳೆಯ ಸುದ್ದಿಯ ತಿದ್ದುಪಡಿಯನ್ನು. ನಮ್ಮೂರಿನ ಶಿಬಿರ ಯಶಸ್ವಿಯಾಗಿರಲಿಲ್ಲ. ಸ್ಲೈಡುಗಳು ಒಣಗಿ ಕೆಟ್ಟಿದ್ದವು. ಹೆಂಗಸರು ಇನ್ನೊಮ್ಮೆ ಬರಬೇಕಿತ್ತು. ಇಷ್ಟನ್ನು ಬರೆಯಲು ಮೂರೇ ಸಾಲು ಸಾಕಾಯಿತು. ಬರಿ ಎಂದವರೂ ಇಲ್ಲ, ಓದಿ ನಂಬಬೇಕಾದವಳೂ ಇಲ್ಲ.