ಮಿಲ್ಲಿನ ಗೋಡೌನಿನಲ್ಲಿ ನಮ್ಮ ಎಮ್ಮೆ

ಹೊಳೆ ಏರಿದ ವರ್ಷ ಹರಿಹರಕ್ಕೆ ನೀರಿನ ಹಿಂದೆಯೇ ಬಂದದ್ದು ಬಿಸ್ಕತ್ತು. ನಾಯಿ ಬಿಸ್ಕತ್ತು. ಮೂಳೆಯ ಆಕಾರದ್ದು, ಬಣ್ಣಬಣ್ಣದ್ದು. ನಮ್ಮ ಹೊಳೆದಂಡೆ ಓಣಿಯ ಜನ ಶಾಲೆಯೊಳಗೆ ಚಾಪೆ ಹಾಸಿಕೊಂಡು ಅನ್ನದ ಗಾಡಿ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದರೆ, ಹೊರಗೆ ಪ್ರಾಣಿಗಳನ್ನು ಉಳಿಸಲು ಅಂತ ಬಂದ, ಒಂದೇ ಬಣ್ಣದ ಟೀ ಶರ್ಟು ಹಾಕಿದವರು ಗೇಟಿನ ಮುಂದೆ ನಾಯಿಗಳನ್ನು ಕೂರಿಸಿ, ಒಂದೊಂದೇ ಬಿಸ್ಕತ್ತು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋಟೋ ಸರಿ ಬರಲಿಲ್ಲ ಅಂದರೆ ನಾಯಿಯ ಬಾಯಿಂದ ಕಸಿದುಕೊಂಡು ಮತ್ತೆ ಕೊಡುತ್ತಿದ್ದರು. ಆ ನಾಯಿಗಳಿಗಿದ್ದ ತಾಳ್ಮೆ ನನಗಿಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವನು. ಕೊಕ್ಕನೂರಿನಲ್ಲಿ ಒಬ್ಬ ಗೌಡರ ಮನೆಯ ಎಮ್ಮೆ ಕಾದೆ, ಹಿಂಡಿದೆ, ಸಗಣಿ ಬಳಿದೆ. ಆಮೇಲೆ ದಾವಣಗೆರೆಯ ಮಂಡಿಪೇಟೆಯಲ್ಲಿ ಹಮಾಲಿ ಮಾಡಿ ಬೆನ್ನು ಸವೆಸಿ, ಈಗ ಸ್ವಂತ ಲಗೇಜ್ ಆಟೋ ಓಡಿಸುತ್ತೇನೆ. ಒಂದು ಲೋಟ ನೀರಿಗೂ ಯಾರ ಮುಂದೆಯೂ ಕೈ ಚಾಚಿದವನಲ್ಲ. ಹಂಗಾಗಿ ಸಹಾಯ ಮಾಡ್ತೀವಿ ಅಂತ ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದು ಗುಣವೋ ದೋಷವೋ, ನೋಡುವವರಿಗೆ ಬಿಟ್ಟದ್ದು.

ನೀರು ಓಣಿಗೆ ನುಗ್ಗಿದ ಬೆಳಿಗ್ಗೆ ನಾನು ದನದ ಹಿಂಡಿ ಚೀಲ ಇಳಿಸಲು ಲೋಕಿಕೆರೆಗೆ ಹೋಗಿದ್ದೆ. ನಮ್ಮಾಕಿ ಎಮ್ಮೆ ಹಿಂಡಲು ಕೂತವಳು ಹಾಗೇ ಎದ್ದು, ಹಗ್ಗ ಬಿಚ್ಚಿಕೊಂಡು ಮೇಲಿನ ರಸ್ತೆಗೆ ಓಡಿದ್ದಾಳೆ. ಕೆಸರಲ್ಲಿ ಜಾರಿ ಬಿದ್ದು ಬಲಗೈ ಮುರಿದಿದೆ. ಓಣಿಯವರು ಅವಳನ್ನು ಸರ್ಕಾರಿ ದವಾಖಾನೆಗೆ ಒಯ್ದರು. ಎಮ್ಮೆಯನ್ನು ಟೀ ಶರ್ಟಿನವರು ಲಾರಿ ಹತ್ತಿಸಿ ದಾವಣಗೆರೆಗೆ ಸಾಗಿಸಿದರು. ಅದು ಕೊಚ್ಚಿ ಹೋಗದ ಹಾಗೆ ನೋಡಿಕೊಂಡವರು ಅವರೇ. ಅದನ್ನು ಇಲ್ಲ ಅನ್ನುವಷ್ಟು ಸಣ್ಣ ಮನುಷ್ಯ ನಾನಲ್ಲ.

ಮಧ್ಯಾಹ್ನ ನಾನು ಶಾಲೆಗೆ ಬಂದಾಗ ನಮ್ಮಾಕಿ ಕೈಗೆ ಪಟ್ಟಿ ಹಾಕಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು.

"ಬಾಳ ನೋವೈತೇನು?" ಅಂದೆ.

"ಕೈ ಸುದ್ದಿ ಬಿಡ್ರಿ. ಬೆಳಿಗ್ಗೆ ಹಿಂಡಿಲ್ಲ ಅದನ್ನ. ನಿನ್ನೆ ಸಂಜೆ ಹಿಂಡಿದ್ದೇ ಕಡೀದು. ಕೆಚ್ಚಲು ಬಾವು ಬಂದ್ರೆ ಮುಗೀತು."

ಅವಳು ಹೇಳಿದ್ದು ಸರಿಯಾಗಿತ್ತು. ತುಂಬಿದ ಕೆಚ್ಚಲು ಹಾಗೇ ನಿಂತರೆ ಕಲ್ಲಾಗುತ್ತದೆ, ಹಾಲು ಕೆಡುತ್ತದೆ, ಮೊಲೆ ಸಾಯುತ್ತದೆ. ಆಮೇಲೆ ಆ ಎಮ್ಮೆಯನ್ನು ಕಟುಕರಷ್ಟೇ ಕೇಳುತ್ತಾರೆ. ನಮ್ಮ ಮನೆ ಅಂತ ಇದ್ದದ್ದು ಮೊಳಕಾಲು ಕೆಸರಿನಲ್ಲಿತ್ತು. ಉಳಿದಿದ್ದು ಅದೊಂದೇ ಎಮ್ಮೆ, ಅದೂ ಅವಳದು. ಅವಳು ಕಟ್ಟಿದ್ದು, ಅವಳು ಸಾಕಿದ್ದು, ಮನೆಮನೆಗೆ ಹಾಲು ಹಾಕುವ ವರ್ತನೆಯೂ ಅವಳದೇ. ಕರು ಸತ್ತ ಮೇಲಂತೂ ಅದು ಅವಳ ಕೈಗೆ ಬಿಟ್ಟು ಇನ್ನೊಬ್ಬರ ಕೈಗೆ ಹಾಲು ಇಳಿಸುತ್ತಿರಲಿಲ್ಲ.

"ನಾ ಹಿಂಡ್ತೀನಿ" ಅಂದೆ.

"ನಿಮ್ಮ ಕೈಗೆ ಇಳಿಸಾದಿಲ್ರಿ ಅದು."

"ಕೊಕ್ಕನೂರಾಗ ಒಂದು ಕೊಟ್ಟಿಗೆ ಎಮ್ಮೆ ಹಿಂಡಿದೋನು ನಾನು. ನೀ ಸುಮ್ನೆ ಕೂಡು."

ಪ್ರಾಣಿಗಳನ್ನು ಇಟ್ಟದ್ದು ದಾವಣಗೆರೆಯಲ್ಲಿ ಯಾವಾಗಲೋ ಮುಚ್ಚಿಹೋದ ಒಂದು ಮಿಲ್ಲಿನ ಗೋಡೌನಿನಲ್ಲಿ. ಒಂದು ಕಡೆ ನಾಯಿಗಳು, ಒಂದು ಕಡೆ ಬುಟ್ಟಿಯಲ್ಲಿ ಬೆಕ್ಕಿನ ಮರಿಗಳು, ಪಂಜರದಲ್ಲಿ ಯಾರದೋ ಗಿಣಿ, ನಾಕು ಮೇಕೆ. ಮೂಲೆಯಲ್ಲಿ ನಮ್ಮ ಎಮ್ಮೆ. ಕೊರಳಿಗೆ ರಿಬ್ಬನ್ನು ಕಟ್ಟಿ ಅದಕ್ಕೊಂದು ಇಂಗ್ಲಿಷ್ ಹೆಸರಿನ ಚೀಟಿ. ಮುಂದೆ ತಟ್ಟೆಯಲ್ಲಿ ಕ್ಯಾರೆಟ್ಟು. ನಾಯಿಗೆ ನಾಯಿ ಊಟ, ಬೆಕ್ಕಿಗೆ ಬೆಕ್ಕಿನ ಊಟ ಲಾರಿಗಟ್ಟಲೆ ಬಂದು ಬಿದ್ದಿತ್ತು. ಒಂದು ಹಿಡಿ ಹುಲ್ಲಿಗೆ ಮಾತ್ರ ಇಡೀ ಗೋಡೌನಿನಲ್ಲಿ ಗತಿಯಿರಲಿಲ್ಲ. ಭತ್ತ ಬೆಳೆಯುವ ಸೀಮೆಯಲ್ಲಿ ನಿಂತು ಎಮ್ಮೆಗೆ ಕ್ಯಾರೆಟ್ಟು ಹೆಚ್ಚಿದ ಪುಣ್ಯಾತ್ಮರು!

ಅವರ ಮುಂದಾಳು ತಲೆ ಮೇಲೆ ಕೂಲಿಂಗ್ ಗ್ಲಾಸು ಏರಿಸಿಕೊಂಡವನು, ಬೆಂಗಳೂರು ಕಡೆಯವನು. "ಅಂಕಲ್, ಅದು ಸ್ಟ್ರೆಸ್ಸಲ್ಲಿದೆ. ಬೆಳಿಗ್ಗೆಯಿಂದ ಮ್ಯೂಸಿಕ್ ಹಾಕಿದೀವಿ" ಅಂದ.

ನಿಜವಾಗಿಯೂ ಹಾಕಿದ್ದರು. ಕಂಬಕ್ಕೆ ಸಿಗಿಸಿದ ಸ್ಪೀಕರಿನಲ್ಲಿ ಕೊಳಲು ಅಳುತ್ತಿತ್ತು.

"ಮ್ಯೂಸಿಕ್ಕಿಗೆ ಹಾಲು ಇಳಿಸಿದ್ರೆ ನೀವೇ ಹಿಂಡ್ಕೊಳ್ರಿ ಸ್ವಾಮಿ. ಇಲ್ಲಾಂದ್ರೆ ಪಕ್ಕಕ್ಕೆ ಸರೀರಿ" ಅಂದೆ.

ಆಟೋದಲ್ಲಿ ಉಳಿದಿದ್ದ ಹಿಂಡಿಯನ್ನು ಬಕೆಟ್ಟಿನಲ್ಲಿ ಕಲಸಿ ಮುಂದಿಟ್ಟೆ. ಬಾಯಿ ಹಾಕಿತು. ಕೆಚ್ಚಲು ಮುಟ್ಟಿದರೆ ಬಿಸಿ, ಬಿಗಿ. ಇನ್ನೊಂದು ಬಕೆಟ್ಟು ಕೆಚ್ಚಲ ಕೆಳಗಿಟ್ಟು, ಕುಕ್ಕರಗಾಲಲ್ಲಿ ಕೂತು ನೀರು ಚಿಮುಕಿಸಿ, ಮೊಲೆ ತೀಡಿದೆ. ಸುತ್ತ ಟೀ ಶರ್ಟುಗಳು, ಎಲ್ಲರ ಕೈಯಲ್ಲೂ ಫೋನು. ನನಗೂ ಸ್ವಲ್ಪ ಬಿಗುಮಾನ ಬಂತು. ನೋಡ್ರಪ್ಪ ಹಿಂಡೋದು ಅಂದ್ರೆ ಹೆಂಗೆ ಅಂತ ಎದೆ ಸೆಟೆಸಿದೆ. ಎಮ್ಮೆ ಒಮ್ಮೆ ತಿರುಗಿ ನನ್ನನ್ನು ನೋಡಿ, ಹಿಂಗಾಲು ಎತ್ತಿ ಒದೆಯಿತು. ಬಕೆಟ್ಟು ನಾಯಿಗಳ ಕಡೆ ಹಾರಿತು, ನಾನು ಸಗಣಿ ಮೇಲೆ ಕೂತೆ. ಮತ್ತೆ ಹಿಡಿದೆ. ಮತ್ತೆ ಒದೆ. ಒಂದು ಹನಿ ಇಳಿಸಲಿಲ್ಲ.

ನಗು ತಡೆದುಕೊಳ್ಳುತ್ತಿದ್ದವರ ಮಧ್ಯದಿಂದ ಜೀನ್ಸಿನ ಹುಡುಗಿಯೊಬ್ಬಳು ಮುಂದೆ ಬಂದಳು. ಅಲ್ಲಿಯವರೆಗೂ ಬೆಕ್ಕಿನ ಮರಿಗೆ ಹಾಲು ಕುಡಿಸುತ್ತಿದ್ದವಳು.

"ಕಾಕಾ, ಇದನ್ನ ಮನ್ಯಾಗ ಯಾರು ಹಿಂಡ್ತಾರ?"

"ನಮ್ಮಾಕಿ."

"ಮತ್ತ ಅವರ ಸೀರೆ ಉಟ್ಕೊಳ್ರಿ. ನಮ್ಮವ್ವ ತವರಿಗೆ ಹೋದ್ರೆ ನಮ್ಮಪ್ಪ ಹಂಗ ಮಾಡ್ತಿದ್ದ. ಒಗೆದದ್ದು ಬ್ಯಾಡ, ಉಟ್ಟು ಬಿಟ್ಟದ್ದೇ ಆಗ್ಬೇಕು. ವಾಸನಿಗೆ ನಿಲ್ತೈತಿ ಅದು."

ಗೊತ್ತಿಲ್ಲದ ಮಾತೇನಲ್ಲ. ಕೊಕ್ಕನೂರಿನಲ್ಲಿ ಹಾಗೆ ಸೀರೆ ಸುತ್ತಿಕೊಂಡು ಕೂತ ಗಂಡಸರನ್ನು ನಾನು ಕಂಡಿದ್ದೆ, ನಕ್ಕಿದ್ದೆ. ಈಗ ಇಷ್ಟು ಫೋನುಗಳ ಮುಂದೆ ನಾನು?

"ಸೀರೆ ಉಡೋ ಗಂಡಸು ನಾನಲ್ಲವ್ವ" ಅಂದೆ.

"ಹಂಗಾದ್ರೆ ಕೆಚ್ಚಲು ಒಡೆಯೋದು ನೋಡ್ಕೋತ ನಿಂದರ್ರಿ" ಅಂದು ಅವಳು ಬೆಕ್ಕಿನ ಕಡೆ ಹೋದಳು. ಗೌರವದ ಮಾತಿನಲ್ಲೇ ಕಪಾಳಕ್ಕೆ ಹೊಡೆದಂತಿತ್ತು.

ಆಟೋ ಹತ್ತಿ ಹರಿಹರದ ದಾರಿ ಹಿಡಿದೆ. ದಾರಿಯುದ್ದಕ್ಕೂ ಆ ಹುಡುಗಿಯನ್ನು, ಕೂಲಿಂಗ್ ಗ್ಲಾಸಿನವನನ್ನು, ಹೊಳೆಯನ್ನು, ಎಮ್ಮೆಯನ್ನು ಬೈದೆ. ಮನೆಯ ಸೀರೆಗಳೆಲ್ಲ ಹೊಳೆ ಕೆಸರಲ್ಲಿ ನಾರುತ್ತಿದ್ದವು. ನಮ್ಮಾಕಿಯ ವಾಸನೆ ಉಳಿದಿದ್ದ ಸೀರೆ ಒಂದೇ, ಅವಳ ಮೈಮೇಲೆ ಇದ್ದದ್ದು. ಕೆಸರು ಮೆತ್ತಿಕೊಂಡಿದ್ದರೂ ಅದನ್ನವಳು ಬಿಟ್ಟಿರಲಿಲ್ಲ. ಯಾರೋ ಲೀಡರು ಹಂಚಿದ ಹೊಸ ಸೀರೆ, ಅವನ ಫೋಟೋ ಇದ್ದ ಕವರಿನ ಸಮೇತ, ಪಕ್ಕದಲ್ಲಿ ಹಾಗೇ ಬಿದ್ದಿತ್ತು.

ಶಾಲೆಗೆ ಹೋಗಿ ಅವಳ ಮುಂದೆ ಕುಕ್ಕರಿಸಿದೆ. "ಅದು... ನಿನ್ನ ಸೀರೆ..." ಅಂದೆ.

ಅವಳು ಒಂದು ಗಳಿಗೆ ನನ್ನ ಅಂಗಿಗೆ ಮೆತ್ತಿದ ಸಗಣಿ ನೋಡಿದಳು. "ಒದೀತೇನ್ರಿ?"

"ಒದೀತು."

"ಎಷ್ಟು ಸಲ?"

ಅಂಗಿಯ ಸಗಣಿ ಉಜ್ಜಿಕೊಂಡೆ. ಅವಳು ಪಕ್ಕದ ಮನೆಯ ಹೆಂಗಸನ್ನು ಕರೆದುಕೊಂಡು ಒಳಗಿನ ಕೋಣೆಗೆ ಹೋಗಿ, ಲೀಡರನ ಸೀರೆ ಉಟ್ಟು ಬಂದಳು. ತನ್ನದನ್ನು ನನ್ನ ಕೈಗಿಟ್ಟು, "ಸೆರಗು ತಲಿ ಮ್ಯಾಲೆ ಹಾಕ್ಕೊಳ್ರಿ. ಬಾಯಿ ಮುಚ್ಕೊಂಡು ಕೂಡ್ರಿ. ನಿಮ್ಮ ದನಿ ಕೇಳಿದ್ರೆ ಮತ್ತ ಒದೀತೈತೆ" ಅಂದಳು. ಓಣಿಯ ಹೆಂಗಸರು ಆ ದಿನ ಮೊದಲ ಸಲ ನಕ್ಕರು, ಅದೂ ನನ್ನನ್ನು ನೋಡಿ.

ಗೋಡೌನಿಗೆ ಮರಳಿದಾಗ ಬಿಸಿಲು ಇಳಿಯುತ್ತಿತ್ತು. "ಆ ಕೊಳಲು ಬಂದ್ ಮಾಡ್ರಿ. ಫೋನುಗಳನ್ನ ಜೇಬಿಗೆ ಹಾಕ್ರಿ" ಅಂದೆ. ಕೂಲಿಂಗ್ ಗ್ಲಾಸಿನವನು, "ಅಂಕಲ್, ಇದು ತುಂಬಾ ಇನ್‌ಸ್ಪೈರಿಂಗ್, ಜನಕ್ಕೆ ತಲುಪಬೇಕು" ಅಂದ. ಜೀನ್ಸಿನ ಹುಡುಗಿ ಅವನ ಫೋನು ಕಿತ್ತುಕೊಂಡು ತನ್ನ ಜೇಬಿಗೆ ತುರುಕಿದಳು. ಆದರೂ ಯಾವನೋ ಕದ್ದು ತೆಗೆದಿದ್ದಾನೆ. ಮಂಡಿಪೇಟೆಯ ಹಮಾಲರು ಈಗಲೂ, "ಏನಕ್ಕಾರೆ, ಲೋಡು ಎತ್ತೀರೇನು, ಸೆರಗು ಜಾರೀತು" ಅನ್ನುತ್ತಾರೆ. ಎತ್ತಿ ತೋರಿಸುತ್ತೇನೆ. ಅವರಿಗಿಂತ ಒಂದು ಚೀಲ ಹೆಚ್ಚೇ.

ಸೀರೆ ಸುತ್ತಿಕೊಳ್ಳಲು ಬರಲಿಲ್ಲ. ಹುಡುಗಿಯೇ ಬಂದು, "ನಿರಿಗೆ ಬ್ಯಾಡ ಬಿಡ್ರಿ, ಮದುವಿಗೇನು ಹೊಂಟಿಲ್ಲ" ಅಂತ ಪ್ಯಾಂಟಿನ ಮೇಲೆ ಬಿಗಿದು ಸುತ್ತಿ, ಸೆರಗನ್ನು ತಲೆ ಮೇಲೆ ಎಳೆದಳು. ಬೆವರು, ಸಗಣಿ, ಒಲೆಯ ಹೊಗೆ, ಕೊಬ್ಬರಿ ಎಣ್ಣೆ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವನಿಗೆ ಆ ವಾಸನೆ ಅವಳದು ಅಂತ ಅವತ್ತೇ ಗೊತ್ತಾದದ್ದು. ಎಮ್ಮೆಗೆ ಮೊದಲಿಂದ ಗೊತ್ತಿತ್ತು.

ಕೂತೆ. ಎಮ್ಮೆ ತಿರುಗಿ ಸೆರಗು ಮೂಸಿತು. ಮೂಗಿನಿಂದ ಬಿಸಿ ಗಾಳಿ ಬಿಟ್ಟಿತು. ಬಾಯಿ ಮುಚ್ಚಿಕೊಂಡು ಮೊಲೆ ತೀಡಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕೆಚ್ಚಲಿನೊಳಗೆ ಏನೋ ಸಡಿಲವಾದದ್ದು ಬೆರಳಿಗೆ ಗೊತ್ತಾಯಿತು. ಮೊದಲು ಗಟ್ಟಿಯಾದ ಒಂದೆರಡು ಹನಿ. ಅದನ್ನು ನೆಲಕ್ಕೆ ಬಿಟ್ಟೆ. ಆಮೇಲೆ ಬಕೆಟ್ಟಿನ ತಳಕ್ಕೆ ಸರ್ ಅಂತ ಬಿತ್ತು.

ನನ್ನ ಅಂಗಿ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಕೈ ಬಿಡುವಂತಿರಲಿಲ್ಲ, ಮಾತಾಡುವಂತೆಯೂ ಇರಲಿಲ್ಲ. ಹುಡುಗಿಗೆ ಕಣ್ಸನ್ನೆ ಮಾಡಿದೆ. ಅವಳು ಫೋನು ತೆಗೆದು, ಸ್ಪೀಕರ್ ಒತ್ತಿ, ಮಾತಾಡದೆ ಬಕೆಟ್ಟಿನ ಹತ್ತಿರ ಹಿಡಿದಳು.

ಆ ಕಡೆ ಇದ್ದದ್ದು ನಮ್ಮಾಕಿ. ಸರ್, ಸರ್ ಅಂತ ನೊರೆ ಏರುವವರೆಗೂ ಕೇಳಿಸಿಕೊಂಡಳು. ಆಮೇಲೆ ಬೈದಳು:

"ಮುಂದಿನ ಮೊಲೆ ಅಷ್ಟೇ ಹಿಂಡಾಕತ್ತೀರಿ, ದನಿಯಾಗೇ ಗೊತ್ತಾಕೈತಿ. ಹಿಂದಿನವು ಏನು ನಿಮ್ಮಪ್ಪ ಹಿಂಡ್ತಾನೇನು?"